ಎರೆಯ ಸೀಮೆಯ ಹಿತ್ತಲಿನಲ್ಲಿ ಬಟಾಟೆ



ಈ ಹೊತ್ತು ನಾನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವ ವಿಷಯವು ಬಹು ಸಾಮಾನ್ಯವಾದುದು. ನಮ್ಮ ಅಡಿಗೆಮನೆಯ ಮೂಲೆಯ ಬುಟ್ಟಿಯಲ್ಲಿ ವರ್ಷವೆಲ್ಲ ಬಿದ್ದಿರುವ ಬಟಾಟೆಯೇ ಆ ವಿಷಯ. ಹಾಸನ ಮೈಸೂರುಗಳ ಕಡೆಯವರು ಇದನ್ನು ಆಲೂಗಡ್ಡೆಯೆಂದೂ ಉರುಳಗಡ್ಡೆಯೆಂದೂ ಕರೆಯುವರು. ನಮ್ಮ ಕಲಬುರಗಿಯ ಸೀಮೆಯಲ್ಲಿ ಉರ್ದುವಿನ ಬಳಕೆಯಿಂದ ಬಂದ ಆಲೂ ಎಂಬ ಹೆಸರೂ, ಮರಾಠಿಯ ನೆರೆಯಿಂದ ಬಂದ ಬಟಾಟೆ ಎಂಬ ಹೆಸರೂ ಜೊತೆಜೊತೆಗೆ ನಡೆಯುತ್ತವೆ. ಬಟಾಟೆ ಎಂಬ ಮಾತು ಪೋರ್ತುಗೀಜರದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಯುರೋಪನ್ನು ಸೇರಿ, ಅಲ್ಲಿಂದ ಹಡಗನ್ನೇರಿ ನಮ್ಮ ದೇಶಕ್ಕೆ ಬಂದ ಗಡ್ಡೆ ಇದು. ಹೆಸರಿನಲ್ಲಿಯೇ ತಾನು ಪರಸ್ಥಳದ್ದೆಂಬುದನ್ನು ಹೊತ್ತು ತಂದಿದೆ.

ಕಲಬುರಗಿಯಿಂದ ಆಳಂದಕ್ಕೆ ಹೋಗುವ ಹೆದ್ದಾರಿಯಲ್ಲಿ ಕಡಗಂಚಿಯೆಂಬ ಊರಿದೆ. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ನೆಲೆಯಾದ ಮೇಲೆ ಈ ಊರಿನ ಹೆಸರು ದೂರದವರಿಗೂ ತಿಳಿದಿದೆ. ಆದರೆ ಈ ಸೀಮೆಯ ಹಳೆಯ ಕೀರ್ತಿಯು ಇಲ್ಲಿಯ ಎರೆಭೂಮಿಯದು. ಇಲ್ಲಿಯ ತೊಗರಿಯು ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆಯಿತು. ಹಿಂಗಾರಿಯ ಬಿಳಿಜೋಳವು ಅದಕ್ಕಿಂತಲೂ ಹಿಂದಿನಿಂದ ಮನೆಮನೆಯ ರೊಟ್ಟಿಯಾಗಿದೆ. ಇಂತಹ ನೆಲದಲ್ಲಿ ತಣ್ಣನೆಯ ಬೆಟ್ಟದಿಂದ ಬಂದ ಬಟಾಟೆಯನ್ನು ಬೆಳೆಯಬಹುದೇ ಎಂದು ಯಾರಾದರೂ ಕೇಳಿದರೆ, ಹೊಲದ ಮಟ್ಟಿಗೆ ಸಂದೇಹವನ್ನು ಹೇಳಬೇಕಾದೀತು. ಹಿತ್ತಲಿನ ಮಟ್ಟಿಗೆ ಧಾರಾಳವಾಗಿ ಬೆಳೆಯಬಹುದು ಎಂಬುದೇ ನನ್ನ ಉತ್ತರ. ಆದರೆ ಅದಕ್ಕೊಂದು ನಿಬಂಧನೆಯುಂಟು. ಬಟಾಟೆಯನ್ನು ಜೋಳದಂತೆ, ತೊಗರಿಯಂತೆ ಕಾಣುವುದನ್ನು ನಾವು ಬಿಡಬೇಕು.

ಈ ಮಾತನ್ನು ಸ್ವಲ್ಪ ವಿಸ್ತರಿಸುತ್ತೇನೆ. ನಾವು ಕಾಳಿನ ನಾಡಿನವರು. ಚೆನ್ನಾಗಿ ಒಣಗಿದ ಜೋಳದಲ್ಲಿ ನೂರಕ್ಕೆ ಸುಮಾರು ೧೨ ಪಾಲು ಮಾತ್ರ ನೀರಿರುತ್ತದೆ. ಅದರೊಳಗಿನ ಜೀವವು ಗಾಢನಿದ್ರೆಯಲ್ಲಿರುತ್ತದೆ. ಆದಕಾರಣ ನಮ್ಮ ಹಿರಿಯರು ನೆಲದಲ್ಲಿ ಹಗೇವುಗಳನ್ನು ತೋಡಿ, ಜೋಳವನ್ನು ತುಂಬಿ, ಬಾಯಿಗೆ ಮಣ್ಣು ಮುಚ್ಚಿ, ಬರಗಾಲದ ದಿನಕ್ಕೆಂದು ವರ್ಷಗಟ್ಟಲೆ ಇಡಲು ಶಕ್ತರಾದರು. ಬಟಾಟೆಯ ಸಂಗತಿಯು ಇದಕ್ಕೆ ವಿರುದ್ಧವಾದುದು. ಅದರಲ್ಲಿ ನೂರಕ್ಕೆ ಸುಮಾರು ೮೦ ಪಾಲು ನೀರು. ಅದು ಕಾಳಲ್ಲ, ಬೇರೂ ಅಲ್ಲ. ನೆಲದೊಳಗೆ ಹರಿದು ತುದಿಯಲ್ಲಿ ಊದಿಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳೆಲ್ಲ ಮೊಗ್ಗುಗಳು. ಕಿತ್ತ ಮೇಲೂ ಅದು ಉಸಿರಾಡುತ್ತದೆ, ಬೆವರುತ್ತದೆ, ಗಾಯವಾದರೆ ಮಾಯಿಸಿಕೊಳ್ಳುತ್ತದೆ, ಬಿಸಿಲು ಕಂಡರೆ ಎಲೆಯಂತೆ ಹಸಿರಾಗುತ್ತದೆ. ಜೀವಂತವಾದುದಕ್ಕೆ ಸಲ್ಲಬೇಕಾದ ಉಪಚಾರವನ್ನು ಇದಕ್ಕೆ ಸಲ್ಲಿಸತಕ್ಕದ್ದು. ಬಿತ್ತುವುದಾಗಲಿ, ಕೀಳುವುದಾಗಲಿ, ಇಡುವುದಾಗಲಿ, ಮುಂದೆ ನಾನು ಹೇಳುವ ಪ್ರತಿಯೊಂದು ಮಾತೂ ಈ ಒಂದು ತತ್ತ್ವದಿಂದಲೇ ಹೊರಡುತ್ತದೆ.

ಮೊದಲನೆಯದು ಕಾಲ. ಬಟಾಟೆಯ ಎಲೆಗಳು ಹಗಲಿನಲ್ಲಿ ಸಕ್ಕರೆಯನ್ನು ತಯಾರಿಸಿ ನೆಲದೊಳಗಿನ ಗಡ್ಡೆಗೆ ಕಳುಹಿಸುತ್ತವೆ. ಅದು ಅಲ್ಲಿ ಪಿಷ್ಟವಾಗಿ ಶೇಖರಗೊಳ್ಳುತ್ತದೆ. ರಾತ್ರಿಯು ಸೆಕೆಯಾಗಿದ್ದರೆ ಗಿಡವು ಗಳಿಸಿದ ಸಕ್ಕರೆಯನ್ನು ತನ್ನ ಉಸಿರಾಟದಲ್ಲಿಯೇ ವೆಚ್ಚಮಾಡಿಬಿಡುತ್ತದೆ. ರಾತ್ರಿಯ ಉಷ್ಣತೆಯು ೨೦ ಡಿಗ್ರಿಗಿಂತ ಕೆಳಗಿದ್ದಾಗಲೇ ಗಡ್ಡೆಯು ಚೆನ್ನಾಗಿ ಕಟ್ಟುವುದು. ಕಲಬುರಗಿಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲು ೪೦ ಡಿಗ್ರಿಯನ್ನು ಮೀರುವುದನ್ನು ಎಲ್ಲರೂ ಬಲ್ಲೆವು. ಆಗ ನೆಟ್ಟ ಬಟಾಟೆಯು ಸೊಪ್ಪನ್ನು ಕೊಟ್ಟೀತೇ ಹೊರತು ಗಡ್ಡೆಯನ್ನು ಕೊಡದು. ನಮಗೆ ಪ್ರಕೃತಿಯು ದಯಪಾಲಿಸಿರುವುದು ಒಂದೇ ಕಿಂಡಿ. ದೀಪಾವಳಿಯ ಸುಮಾರಿಗೆ, ಎಂದರೆ ನವೆಂಬರಿನ ಮೊದಲರ್ಧದಲ್ಲಿ ನೆಡಬೇಕು. ಡಿಸೆಂಬರ್ ಜನವರಿಗಳ ತಂಪು ರಾತ್ರಿಗಳಲ್ಲಿ ಗಡ್ಡೆ ಕಟ್ಟಬೇಕು. ಫೆಬ್ರವರಿ ಮುಗಿಯುವ ಮೊದಲೇ ಕಿತ್ತು ಒಳಗೆ ತರಬೇಕು. ಇದು ಸುಮಾರು ೯೦ ದಿನಗಳ ಲೆಕ್ಕ. ಹಾಸನದಲ್ಲಿ ಮುಂಗಾರಿನ ಮಳೆಗೆ ಬಟಾಟೆಯನ್ನು ಬಿತ್ತುತ್ತಾರೆಂದು ಕೇಳಿ ನಾವೂ ಹಾಗೆಯೇ ಮಾಡಹೊರಟರೆ ಕೆಲಸ ಕೆಡುತ್ತದೆ. ಅವರದು ಎತ್ತರದ ನೆಲ, ತಂಪಿನ ಸೀಮೆ, ನಮ್ಮದು ಹಾಗಲ್ಲ.

ಎರಡನೆಯದು ಬೀಜ. ಬೀಜವೆಂದು ನಾವು ಕರೆಯುವುದು ಬಿತ್ತನೆಯ ಗಡ್ಡೆಯನ್ನೇ. ಅಂಗಡಿಯಿಂದ ಪಲ್ಯಕ್ಕೆಂದು ತಂದ ಬಟಾಟೆಯಲ್ಲಿ ನಾಲ್ಕನ್ನು ಉಳಿಸಿ ನೆಡುವುದು ಸುಲಭವಾಗಿ ತೋರುತ್ತದೆ. ಆದರೆ ಅದರಲ್ಲಿ ಮೂರು ತೊಡಕುಗಳುಂಟು. ಹೊಸದಾಗಿ ಕಿತ್ತ ಗಡ್ಡೆಯು ಎರಡು ತಿಂಗಳಷ್ಟು ಕಾಲ ಮೊಳಕೆಯೊಡೆಯದೆ ಮಲಗಿರುತ್ತದೆ. ಶೀತಗೃಹದಿಂದ ಬಂದ ತಿನ್ನುವ ಗಡ್ಡೆಗೆ ಮೊಳಕೆಯನ್ನು ತಡೆಯುವ ಔಷಧಿಯನ್ನು ಹೊಗೆಯಾಡಿಸಿರುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಸಸ್ಯಹೇನುಗಳು ಹರಡುವ ನಂಜುರೋಗಗಳು ಗಡ್ಡೆಯೊಳಗೆ ಕಣ್ಣಿಗೆ ಕಾಣದಂತೆ ಅಡಗಿದ್ದು, ವರ್ಷದಿಂದ ವರ್ಷಕ್ಕೆ ಇಳುವರಿಯನ್ನು ಕುಗ್ಗಿಸುತ್ತವೆ. ಈ ಕಾರಣದಿಂದಲೇ ಹಾಸನದ ರೈತರು ಅಷ್ಟು ದೂರದ ಪಂಜಾಬಿನ ಜಲಂಧರದಿಂದ ಬಿತ್ತನೆಗಡ್ಡೆಯನ್ನು ತರಿಸುವರು. ನಾವು ನಾಲ್ಕು ಕಿಲೋ ಗಡ್ಡೆಯನ್ನು ಕೊಳ್ಳುವಾಗಲೂ ದೃಢೀಕರಿಸಿದ ಬಿತ್ತನೆಯೆಂದು ವಿಚಾರಿಸಿಯೇ ಕೊಳ್ಳುವುದು ಮೇಲು.

ಜಾತಿಯ ಆಯ್ಕೆಯಲ್ಲಿಯೂ ವಿವೇಚನೆ ಬೇಕು. ೧೯೪೯ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ ೧೯೫೬ರಲ್ಲಿ ಶಿಮ್ಲಾಕ್ಕೆ ವರ್ಗವಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನ ಸಂಸ್ಥೆಯು ತಾನು ಹೊರತಂದ ತಳಿಗಳಿಗೆ ಶಿಮ್ಲಾದ ಹತ್ತಿರದ ಕುಫ್ರಿಯೆಂಬ ಊರಿನ ಹೆಸರನ್ನು ಸೇರಿಸುತ್ತದೆ. ಕುಫ್ರಿ ಜ್ಯೋತಿ, ಕುಫ್ರಿ ಚಂದ್ರಮುಖಿಗಳು ೧೯೬೮ರವು. ೨೦೦೬ರಲ್ಲಿ ಬಂದ ಕುಫ್ರಿ ಸೂರ್ಯವು ಹೆಸರಿಗೆ ತಕ್ಕಂತೆ ಉಷ್ಣವನ್ನು ಸಹಿಸುವ ತಳಿ. ರಾತ್ರಿಯ ತಂಪು ಸ್ವಲ್ಪ ಕಡಿಮೆಯಾದರೂ ಗಡ್ಡೆ ಕಟ್ಟುವ ಗುಣ ಅದಕ್ಕುಂಟು. ನಮ್ಮ ಸೀಮೆಗೆ ದೊರೆತರೆ ಅದೇ ಉತ್ತಮ. ಕೋಳಿಮೊಟ್ಟೆಯ ಗಾತ್ರದ, ೪೦-೫೦ ಗ್ರಾಂ ತೂಗುವ ಇಡೀ ಗಡ್ಡೆಗಳನ್ನು ಆರಿಸಿರಿ. ಕತ್ತರಿಸಿದ ಹೋಳು ನಮ್ಮ ಬೆಚ್ಚನೆಯ ಮಣ್ಣಿನಲ್ಲಿ ಬೇಗ ಕೊಳೆಯುವುದು. ನೆಡುವುದಕ್ಕೆ ಎರಡು ವಾರ ಮುಂಚಿತವಾಗಿ ಗಡ್ಡೆಗಳನ್ನು ನೆರಳಿನಲ್ಲಿ, ಆದರೆ ಬೆಳಕು ಬೀಳುವ ಜಾಗದಲ್ಲಿ ಒಂದೇ ಪದರವಾಗಿ ಹರಡಿದರೆ ಗಿಡ್ಡನೆಯ ಗಟ್ಟಿ ಮೊಳಕೆಗಳು ಬರುತ್ತವೆ. ಕತ್ತಲೆಯಲ್ಲಿ ಬಂದ ಬೆಳ್ಳನೆಯ ಉದ್ದ ಮೊಳಕೆಯು ಮುಟ್ಟಿದರೆ ಮುರಿಯುತ್ತದೆ.

ಮೂರನೆಯದು ನೆಲ. ಎರೆಮಣ್ಣು ಉದಾರಿಯೂ ಹೌದು, ಹಟಮಾರಿಯೂ ಹೌದು. ನೀರುಂಡರೆ ಉಬ್ಬಿ ಅಂಟಾಗುತ್ತದೆ. ಒಣಗಿದರೆ ಬಿಗಿದು ಬಿರಿಯುತ್ತದೆ. ಊದಿಕೊಳ್ಳಬೇಕಾದ ಗಡ್ಡೆಗೆ ಇವೆರಡೂ ತೊಂದರೆ. ಆದುದರಿಂದ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೋ ಕುರಿಗೊಬ್ಬರವನ್ನೋ ಧಾರಾಳವಾಗಿ ಬೆರೆಸಿ, ಮಣ್ಣನ್ನು ಒಂದು ಗೇಣಿನ ಆಳ ಸಡಿಲಿಸಿ, ಒಂದು ಗೇಣು ಎತ್ತರದ ಬದುಗಳನ್ನು ಎಬ್ಬಿಸಬೇಕು. ಹಸಿ ಸಗಣಿಯನ್ನು ಹಾಕಬಾರದು. ಹಿಂದಿನ ವರ್ಷ ಬದನೆ, ಟೊಮೆಟೊ, ಮೆಣಸಿನಕಾಯಿ ಬೆಳೆದ ಮಡಿಯನ್ನು ಬಿಡಿರಿ. ಇವೆಲ್ಲ ಬಟಾಟೆಯ ಒಂದೇ ಕುಲದ ಬಂಧುಗಳು, ಒಬ್ಬರ ರೋಗ ಮತ್ತೊಬ್ಬರಿಗೆ ತಗಲುತ್ತದೆ. ಬದುವಿಗೂ ಬದುವಿಗೂ ಎರಡು ಅಡಿ, ಗಡ್ಡೆಗೂ ಗಡ್ಡೆಗೂ ಒಂದು ಗೇಣು ಅಂತರವಿರಲಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಯಲ್ಲಿ ಐದು ಬದುಗಳಾಗಿ ೮೦ ಗಡ್ಡೆಗಳು ಹಿಡಿಯುತ್ತವೆ. ಅವುಗಳ ತೂಕ ಸುಮಾರು ನಾಲ್ಕು ಕಿಲೋ. ಗಿಡಕ್ಕೆ ಕಾಲು ಕಿಲೋ ಬಂದರೂ ೨೦ ಕಿಲೋ ಕೈಸೇರಿತು. ನಮ್ಮ ಸೀಮೆಯ ಗೃಹಸ್ಥನು ಇಷ್ಟಕ್ಕೆ ತೃಪ್ತನಾಗಬಹುದು.

ಗಿಡಗಳು ಸುಮಾರು ಗೇಣುದ್ದ ಬೆಳೆದಾಗ, ಎಂದರೆ ನೆಟ್ಟ ಒಂದು ತಿಂಗಳಿನ ಹೊತ್ತಿಗೆ, ಬುಡಕ್ಕೆ ಮಣ್ಣೇರಿಸಬೇಕು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬರುವ ಹೊತ್ತಿಗೆ ಹಿತ್ತಲಿನ ಈ ಕೆಲಸವು ಮುಗಿದಿರಲಿ. ಇದನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಎರೆಮಣ್ಣಿನ ಬಿರುಕಿನ ಮೂಲಕ ಬೆಳಕು ಒಳಹೊಕ್ಕು ಗಡ್ಡೆಯನ್ನು ಹಸಿರು ಮಾಡುತ್ತದೆ; ಅದೇ ಬಿರುಕಿನಲ್ಲಿ ಬಟಾಟೆಯ ಪತಂಗವು ಇಳಿದು ಗಡ್ಡೆಯ ಕಣ್ಣಿನ ಮೇಲೆ ಮೊಟ್ಟೆಯಿಡುತ್ತದೆ. ಬಿರುಕನ್ನು ಮುಚ್ಚುವುದೇ ಅರ್ಧ ರಕ್ಷಣೆ. ಬದುವಿನ ಮೇಲೆ ತೊಗರಿಯ ಹೊಟ್ಟನ್ನೋ ಜೋಳದ ಕಣಿಕೆಯ ಚೂರನ್ನೋ ನಾಲ್ಕು ಬೆರಳು ದಪ್ಪ ಹೊದಿಸಿದರೆ ಮಣ್ಣು ತಂಪಾಗಿದ್ದು ಬಿರಿಯುವುದೂ ಕಡಿಮೆಯಾಗುತ್ತದೆ. ಈ ಎರಡೂ ನಮ್ಮ ಸೀಮೆಯಲ್ಲಿ ಬೇಕಾದಷ್ಟು ದೊರೆಯುತ್ತವೆ. ನೀರನ್ನು ಒಮ್ಮೆಲೆ ಹೆಚ್ಚಾಗಿ ಹಾಯಿಸದೆ, ಸ್ವಲ್ಪ ಸ್ವಲ್ಪವಾಗಿ, ಬದು ಮುಳುಗದಂತೆ ಕೊಡಬೇಕು.

ರೋಗದ ಮಾತು ಬಂದಾಗ ಐರ್ಲೆಂಡಿನ ಇತಿಹಾಸವನ್ನು ನೆನೆಯದಿರಲು ಸಾಧ್ಯವಿಲ್ಲ. ೧೮೪೫ರಲ್ಲಿ ಆ ದೇಶದ ಬಟಾಟೆಗೆ ಅಂಗಮಾರಿ ರೋಗವು ತಗುಲಿತು. ಬಡವರ ಆಹಾರವೆಲ್ಲ ಅದೊಂದೇ ಗಡ್ಡೆ. ಅದರಲ್ಲಿಯೂ ಬಹುಮಟ್ಟಿಗೆ ಅದೊಂದೇ ತಳಿ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಬೇನೆಗಳಿಂದಲೂ ಸತ್ತರು. ಅಷ್ಟೇ ಮಂದಿಯೋ ಇನ್ನೂ ಹೆಚ್ಚು ಮಂದಿಯೋ ದೇಶವನ್ನು ಬಿಟ್ಟು ಹೋದರು. ಅದೇ ಅಂಗಮಾರಿಯು ಮಳೆಗಾಲದ ತೇವದಲ್ಲಿ ಹಾಸನದ ಹೊಲಗಳನ್ನೂ ಕಾಡಿದೆ. ನಮ್ಮ ಚಳಿಗಾಲದ ಒಣಹವೆಯಲ್ಲಿ ಅದರ ಭಯ ಕಡಿಮೆ. ಆದರೂ ಮೋಡ ಮುಸುಕಿ ಅಕಾಲದ ಮಳೆ ಬಿದ್ದ ದಿನಗಳಲ್ಲಿ ಎಲೆಗಳನ್ನು ನೋಡುತ್ತಿರಬೇಕು. ನೀರಿನಲ್ಲಿ ಅದ್ದಿದಂತಹ ಕಪ್ಪು ಮಚ್ಚೆಗಳು ಕಂಡ ಗಿಡವನ್ನು ಕಿತ್ತು ಸುಟ್ಟುಹಾಕಿರಿ, ತಿಪ್ಪೆಗೆ ಎಸೆಯಬೇಡಿರಿ.

ಈಗ ಕೀಳುವ ಕೆಲಸ. ಎಲೆಗಳು ಹಳದಿಯಾಗತೊಡಗಿದಾಗ ನೀರನ್ನು ನಿಲ್ಲಿಸಿ, ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು, ಹತ್ತು ದಿನ ಸುಮ್ಮನಿರಬೇಕು. ಈ ಹತ್ತು ದಿನಗಳಲ್ಲಿ ಗಡ್ಡೆಯು ನೆಲದೊಳಗೆ ತನ್ನ ಸಿಪ್ಪೆಯನ್ನು ಗಟ್ಟಿಮಾಡಿಕೊಳ್ಳುತ್ತದೆ. ಒಂದು ಗಡ್ಡೆಯನ್ನು ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿರಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಕಾಲವಾಗಿಲ್ಲ. ಬೆಳಗಿನ ತಂಪಿನಲ್ಲಿ ಬುಡದಿಂದ ಒಂದು ಗೇಣು ದೂರದಲ್ಲಿ ಗುದ್ದಲಿಯನ್ನಿಟ್ಟು ಎಬ್ಬಿಸಬೇಕು. ಗುದ್ದಲಿ ತಾಗಿದ ಗಡ್ಡೆಯು ಇಡಲು ಯೋಗ್ಯವಲ್ಲ. ಅದು ಅಂದಿನ ಪಲ್ಯಕ್ಕೆ ಸಲ್ಲಬೇಕು. ಫೆಬ್ರವರಿಯ ಬಿಸಿಲಿನಲ್ಲಿ ಕಿತ್ತ ಗಡ್ಡೆಯನ್ನು ಜೋಳದ ತೆನೆಯಂತೆ ಒಣಹಾಕುವ ಅಭ್ಯಾಸವು ಎಲ್ಲಕ್ಕಿಂತ ದೊಡ್ಡ ಅಪಾಯ. ಬಿಸಿಲು ಅದನ್ನು ಬೇಯಿಸುತ್ತದೆ. ಬೇಯಿಸದಿದ್ದರೆ ಹಸಿರು ಮಾಡುತ್ತದೆ.

ಹಸಿರಾದ ಬಟಾಟೆಯ ವಿಷಯದಲ್ಲಿ ತಾಯಂದಿರು ವಿಶೇಷವಾಗಿ ಗಮನವಿಡಬೇಕೆಂದು ಪ್ರಾರ್ಥಿಸುತ್ತೇನೆ. ಹಸಿರು ಬಣ್ಣವು ತಾನಾಗಿ ಕೆಡುಕಲ್ಲ. ಆದರೆ ಆ ಬಣ್ಣವು ಹುಟ್ಟುವಾಗ ಅದರ ಜೊತೆಯಲ್ಲಿಯೇ ಸೊಲನಿನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ. ಅದು ಕುದಿಸಿದರೆ ನಾಶವಾಗುವಂತಹುದಲ್ಲ. ವಾಂತಿ, ಹೊಟ್ಟೆನೋವು, ಭೇದಿಗಳು ಅದರ ಲಕ್ಷಣ. ಮೈಯಲ್ಲಿ ಚಿಕ್ಕವರಾದ ಮಕ್ಕಳಿಗೆ ಅಪಾಯ ಹೆಚ್ಚು. ಪೂರಾ ಹಸಿರಾದ, ಬಾಯಿಗೆ ಕಹಿಯಾದ ಗಡ್ಡೆಯನ್ನು ಚೆಲ್ಲಿಬಿಡಿರಿ. ಮೊಳಕೆಯನ್ನು ಆಳವಾಗಿ ಕೆತ್ತಿ ತೆಗೆಯಿರಿ. ಗಿಡದಲ್ಲಿ ಕೆಲವು ವೇಳೆ ಸಣ್ಣ ಟೊಮೆಟೊವಿನಂತಹ ಹಸಿರು ಕಾಯಿಗಳು ಬಿಡುವುದುಂಟು. ಅವೂ ವಿಷವೇ. ಹಿತ್ತಲಿನಲ್ಲಿ ಮಕ್ಕಳು ಆಡುವ ಮನೆಗಳಲ್ಲಿ ಅವನ್ನು ಕಂಡೊಡನೆ ಚಿವುಟಿ ತೆಗೆಯುವುದು ಲೇಸು.

ಕಿತ್ತ ಗಡ್ಡೆಗಳನ್ನು ತೊಳೆಯಬಾರದು. ಮಣ್ಣನ್ನು ಕೈಯಿಂದ ಉದುರಿಸಿ, ಕತ್ತಲೆಯ ತಂಪು ಕೋಣೆಯಲ್ಲಿ ಗೋಣಿಯ ಮೇಲೆ ತೆಳ್ಳಗೆ ಹರಡಿ, ಹತ್ತರಿಂದ ಹದಿನೈದು ದಿನ ಬಿಡಬೇಕು. ಈ ಅವಧಿಯಲ್ಲಿ ಚಿಕ್ಕಪುಟ್ಟ ಗಾಯಗಳು ಮಾಯುತ್ತವೆ. ಅನಂತರ ಆರಿಸಿ, ಗಾಳಿಯಾಡುವ ಬಿದಿರಿನ ಬುಟ್ಟಿಗಳಲ್ಲಿ ನೆಲದಿಂದ ಸ್ವಲ್ಪ ಎತ್ತರದಲ್ಲಿಡಬೇಕು. ನಮ್ಮ ಹಳೆಯ ಮಾಳಿಗೆಮನೆಗಳ ದಪ್ಪಗೋಡೆಯ ನಡುಕೋಣೆಯು ಇದಕ್ಕೆ ಬಹಳ ಅನುಕೂಲ. ಪತಂಗದ ಕಾಟಕ್ಕೆ, ಒಣಗಿಸಿದ ಲಂಟಾನದ ಇಲ್ಲವೆ ನೀಲಗಿರಿಯ ಎಲೆಗಳನ್ನು ಒಂದು ಅಂಗುಲ ದಪ್ಪ ಗಡ್ಡೆಗಳ ಮೇಲೆ ಹೊದಿಸುವುದು ಪರೀಕ್ಷಿಸಿ ಒಪ್ಪಿದ ಉಪಾಯ. ಈ ಪತಂಗವೂ ಪರದೇಶದ್ದೇ. ೧೯೦೬ರ ಸುಮಾರಿಗೆ ಇಟಲಿಯಿಂದ ಬಂದ ಬಿತ್ತನೆಗಡ್ಡೆಯ ಜೊತೆಯಲ್ಲಿ ನಮ್ಮ ದೇಶವನ್ನು ಹೊಕ್ಕಿತು. ವಾರಕ್ಕೊಮ್ಮೆ ಬುಟ್ಟಿಯನ್ನು ನೋಡಿ ಕೊಳೆತುದನ್ನು ತೆಗೆಯಬೇಕು. ಉಳ್ಳಾಗಡ್ಡೆಯನ್ನು ಇದರ ಜೊತೆಯಲ್ಲಿ ಇಡಬೇಡಿರಿ. ಬಟಾಟೆಯ ಬೆವರಿಗೆ ಅದು ಕೆಡುತ್ತದೆ.

ಬಟಾಟೆಯನ್ನು ಹಗೇವಿನಲ್ಲಿ ಏಕೆ ಇಡಬಾರದು ಎಂಬ ಪ್ರಶ್ನೆಯು ಇಲ್ಲಿ ಸಹಜವಾಗಿ ಏಳುತ್ತದೆ. ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದುದನ್ನು ಬಲ್ಲವರು ಬಲ್ಲರು. ಮುಚ್ಚಿದ ಹಗೇವಿನಲ್ಲಿ ಪ್ರಾಣವಾಯುವು ತೀರಿ, ಉಸಿರು ಕಟ್ಟಿಸುವ ಇಂಗಾಲಾಮ್ಲವಾಯುವು ತುಂಬಿರುತ್ತದೆ. ಹುಳುವನ್ನು ಕೊಂದು ಜೋಳವನ್ನು ಕಾಯುವುದು ಅದೇ ವಾಯುವೇ. ಆದರೆ ಉಸಿರಾಡುವ ಬಟಾಟೆಯು ಅಲ್ಲಿ ಒಳಗಿನಿಂದ ಕಪ್ಪಾಗಿ, ನೀರೊಡೆದು, ಕೊಳೆತುಹೋಗುತ್ತದೆ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲವೂ ಬಟಾಟೆಯ ಪಾಲಿಗೆ ಒಂದು ಹಗೇವೇ. ಹಾಗೆಂದು ಮನೆಯ ಶೀತಪೆಟ್ಟಿಗೆಯಲ್ಲಿಟ್ಟರೆ, ಆ ನಾಲ್ಕು ಡಿಗ್ರಿಯ ಚಳಿಯಲ್ಲಿ ಪಿಷ್ಟವು ಸಕ್ಕರೆಯಾಗಿ ಗಡ್ಡೆಯು ಸಿಹಿಯಾಗುತ್ತದೆ, ಎಣ್ಣೆಯಲ್ಲಿ ಕರಿದರೆ ಕಪ್ಪಾಗುತ್ತದೆ.

ಇಷ್ಟೆಲ್ಲ ಜಾಗರೂಕತೆಯಿಂದ ಇಟ್ಟರೂ ನಮ್ಮ ಸೆಕೆಯಲ್ಲಿ ಹಸಿ ಬಟಾಟೆಯು ಆರರಿಂದ ಎಂಟು ವಾರಗಳಿಗಿಂತ ಹೆಚ್ಚು ನಿಲ್ಲುವುದೆಂದು ನಂಬಬಾರದು. ಈ ಮಿತಿಯನ್ನು ಒಪ್ಪಿಕೊಂಡೇ ಬಿತ್ತನೆಯ ಲೆಕ್ಕವನ್ನು ಹಾಕಬೇಕು. ಐದಾರು ಜನರ ಮನೆಯು ಎರಡು ತಿಂಗಳಲ್ಲಿ ಎಷ್ಟು ಉಣ್ಣುವುದೋ ಅಷ್ಟನ್ನೇ ಬೆಳೆಯಿರಿ; ನಾನು ಹೇಳಿದ ಹನ್ನೆರಡು ಅಡಿಯ ಮಡಿಯು ಅದಕ್ಕೆ ಸಾಕು. ಹಿತ್ತಲೆಲ್ಲ ಬಟಾಟೆಯನ್ನೇ ನೆಟ್ಟು, ಮಾರುವುದಕ್ಕೂ ಸಾಲದೆ ಇಡುವುದಕ್ಕೂ ಬಾರದೆ ಬೇಸಗೆಯಲ್ಲಿ ಕೊಳೆತ ಬುಟ್ಟಿಯನ್ನು ತಿಪ್ಪೆಗೆ ಸುರಿಯುವುದು, ಬೆಳೆಯದೆ ಇರುವುದಕ್ಕಿಂತ ದುಃಖಕರ. ಅದರಲ್ಲಿ ಹೋದುದು ಬೀಜದ ಹಣ ಮಾತ್ರವಲ್ಲ. ಮನೆಯವರು ಮೂರು ತಿಂಗಳು ಹೊತ್ತ ನೀರೂ, ಮುಂದಿನ ವರ್ಷ ಮತ್ತೆ ಕೈಹಾಕುವ ಉತ್ಸಾಹವೂ ಹೋಗುತ್ತವೆ.

ಉಳಿದುದನ್ನು ಕಾಪಾಡಲು ನಮ್ಮ ಹೆಣ್ಣುಮಕ್ಕಳು ಬಲ್ಲ ಮಾರ್ಗವೊಂದಿದೆ. ಹೋಳಿಯ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಬುಟ್ಟಿಯಲ್ಲಿ ಉಳಿದ ಗಡ್ಡೆಗಳನ್ನು ಆಗ ಸುಲಿದು, ತೆಳ್ಳಗೆ ಹೆಚ್ಚಿ, ಉಪ್ಪುನೀರಿನಲ್ಲಿ ಅರೆಬೇಯಿಸಿ, ಮಾಳಿಗೆಯ ಮೇಲೆ ಬಟ್ಟೆಯಲ್ಲಿ ಹರಡಿದರೆ ಎರಡು ಮೂರು ದಿನಗಳಲ್ಲಿ ಗರಿಗರಿಯಾಗಿ ಒಣಗುತ್ತವೆ. ಬೇಯಿಸಿ ಅರೆದು ಜೀರಿಗೆ ಮೆಣಸು ಸೇರಿಸಿದರೆ ಹಪ್ಪಳ ಸಂಡಿಗೆಗಳಾಗುತ್ತವೆ. ಹೀಗೆ ನೀರನ್ನು ಕಳೆದುಕೊಂಡ ಬಟಾಟೆಯು ಉಸಿರಾಟವನ್ನು ನಿಲ್ಲಿಸಿ, ಕಾಳಿನಂತೆಯೇ ಡಬ್ಬಿಯಲ್ಲಿ ವರ್ಷಕಾಲ ಕೂಡುತ್ತದೆ. ಹಸಿಯ ಗಡ್ಡೆಗೆ ಶತ್ರುವಾದ ಬಿಸಿಲೇ ಬೆಂದ ಗಡ್ಡೆಗೆ ಕಾವಲುಗಾರನಾಗುತ್ತದೆ. ನಮ್ಮ ಸೀಮೆಯಲ್ಲಿ ಬಿಸಿಲಿಗಂತೂ ಬರವಿಲ್ಲ.

ಮಹಾಶಯರೇ, ಜೋಳವು ನಮಗೆ ಸಂಗ್ರಹಿಸುವುದನ್ನು ಕಲಿಸಿತು. ಬಟಾಟೆಯು ಕಲಿಸುವುದು ಕಾಲವರಿತು ನೆಡುವುದನ್ನು, ಅಳತೆಯರಿತು ಬೆಳೆಯುವುದನ್ನು, ಇರುವಾಗಲೇ ಹಂಚಿ ಉಣ್ಣುವುದನ್ನು. ಬರುವ ದೀಪಾವಳಿಯ ಹೊತ್ತಿಗೆ ತಮ್ಮ ಹಿತ್ತಲಿನಲ್ಲಿ ಐದು ಬದುಗಳು ಏಳಲಿ. ಫೆಬ್ರವರಿಯಲ್ಲಿ ಹೊಸ ಗಡ್ಡೆಯ ಪಲ್ಯವು ಬಿಸಿರೊಟ್ಟಿಯ ಜೊತೆಗೂಡಲಿ. ನೆರೆಮನೆಗೂ ಒಂದು ಮೊರದಷ್ಟು ಹೋಗಲಿ ಎಂದು ಹಾರೈಸುತ್ತೇನೆ.